ಅಪ್ಪ ಕೊಟ್ಟ ಮಾತು, ಮಗ ಕೊಟ್ಟ ಉತ್ತರ

ಈ ಸಲ ನಾವು ಬರೆಯುತ್ತಿರುವುದು ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಪಾಲಿಸಬೇಕಾದ ಒಂದು ಸಣ್ಣ ನಿಯಮದ ಬಗ್ಗೆ. ಅದರ ಹೆಸರು ಕೇಳಿದರೆ ಸ್ವಲ್ಪ ಹೆದರಿಕೆ ಆಗುತ್ತದೆ: ಪೇರೆಂಟ್ ಕ್ಲಾಸಿನ ರಿಟರ್ನ್ ಟೈಪಿಗೆ ಚೈಲ್ಡ್ ಕ್ಲಾಸಿನ ರಿಟರ್ನ್ ಟೈಪ್ ಹೊಂದಿಕೊಂಡಿರಬೇಕು. ನಮ್ಮ ಮಾತಿನಲ್ಲಿ ಇಷ್ಟೇ: ಅಪ್ಪ ಏನು ಕೊಡುತ್ತೇನೆ ಎಂದಿದ್ದನೋ, ಅವನ ಜಾಗದಲ್ಲಿ ಕೂತ ಮಗನೂ ಅದನ್ನೇ ಕೊಡಬೇಕು.

‘ಮೆಣಸಿನಕಾಯಿ ಬೆಳೆಯೋ ನಮಗ ಇದು ಯಾಕ ಬೇಕ್ರಿ’ ಎಂದು ಮುಂದೆ ಸರಿಸಬೇಡಿ. ನಿಮ್ಮ ಫೋನಿಗೆ ಸಂಜೆ ಬರುವ ಮಾರುಕಟ್ಟೆ ದರ, ಮಳೆಯ ಲೆಕ್ಕ, ಡೇರಿಯ ಬಿಲ್ಲು, ಬೆಳೆ ವಿಮೆಯ ಪಟ್ಟಿ, ಎಲ್ಲದರ ಹಿಂದೆಯೂ ಯಾರೋ ಬರೆದ ಪ್ರೋಗ್ರಾಂ ಇರುತ್ತದೆ. ಅದರಲ್ಲಿ ಅಪ್ಪ ಒಂದು ಹೇಳಿ ಮಗ ಇನ್ನೊಂದು ಕೊಟ್ಟರೆ ಪೆಟ್ಟು ಬೀಳುವುದು ಕಣದಲ್ಲಿ ಕಾಯಿ ಒಣಗಿಸಿ ಕೂತವರಿಗೆ. ಅದನ್ನು ನಾವು ಹತ್ತಿರದಿಂದ ನೋಡಿದ್ದೇವೆ.

ನಾವು ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿದವರು. ಪ್ರೋಗ್ರಾಂ ಬರೆಯುವುದು ನಮ್ಮ ಪಠ್ಯದಲ್ಲಿ ಇರಲಿಲ್ಲ. ಹಾವೇರಿ ಕಡೆ ಬಿಡಿ ವರದಿಗಾರರಾಗಿ, ಸುದ್ದಿಗೆ ಇಷ್ಟು ಎಂಬ ಲೆಕ್ಕದಲ್ಲಿ ದುಡಿಯುತ್ತಾ ಬಂದಿದ್ದೇವೆ. ಎಪಿಎಂಸಿ, ಮಳೆ, ಗ್ರಾಮಸಭೆ, ಬೀಜ ಗೊಬ್ಬರದ ಸಾಲು, ಇವೇ ನಮ್ಮ ಸುದ್ದಿ. ದರದ ಪಟ್ಟಿಯನ್ನು ದಿನಾ ಕೈಯಲ್ಲಿ ಟೈಪ್ ಮಾಡಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುತ್ತಿದ್ದೆವು. ಆ ಕೆಲಸವನ್ನು ಕಂಪ್ಯೂಟರಿಗೆ ವಹಿಸೋಣ ಎಂದು ಹೊರಟಾಗ ಪಿಎಚ್‌ಪಿ ಎಂಬ ಭಾಷೆಯ ಪರಿಚಯವಾಯಿತು. ಇದನ್ನು ರಾಸ್ಮಸ್ ಲೆರ್ಡಾರ್ಫ್ ಎಂಬವರು 1995ರಲ್ಲಿ ಎಲ್ಲರ ಬಳಕೆಗೆ ಬಿಟ್ಟರು. ಜಗತ್ತಿನ ಎಷ್ಟೋ ವೆಬ್‌ಸೈಟುಗಳು ಇವತ್ತಿಗೂ ಇದರ ಮೇಲೆ ನಡೆಯುತ್ತವೆ. ಕಡಿಮೆ ದುಡ್ಡಿನ ಸರ್ವರಿನಲ್ಲೂ ಓಡುತ್ತದೆ. ನಮ್ಮಂಥವರಿಗೆ ಅದೇ ದೊಡ್ಡದು.

ಡೇರಿಯಲ್ಲಿ ಅಪ್ಪ, ಮಗ

ಮೊದಲು ಕ್ಲಾಸ್ ಅಂದರೇನು ನೋಡೋಣ. ಕ್ಲಾಸ್ ಎಂದರೆ ಒಂದು ಅಚ್ಚು. ಇಂಥ ವಸ್ತುವಿನ ಹತ್ತಿರ ಏನೇನು ಮಾಹಿತಿ ಇರುತ್ತದೆ, ಅದಕ್ಕೆ ಏನು ಕೇಳಿದರೆ ಏನು ಉತ್ತರ ಕೊಡುತ್ತದೆ ಎಂದು ಬರೆದಿಟ್ಟ ನಮೂನೆ. ಆ ಅಚ್ಚನ್ನೇ ಇಟ್ಟುಕೊಂಡು, ಸ್ವಲ್ಪ ಬದಲಿಸಿ ಇನ್ನೊಂದು ಅಚ್ಚು ಮಾಡಿದರೆ ಮೊದಲನೆಯದು ಪೇರೆಂಟ್, ಎರಡನೆಯದು ಚೈಲ್ಡ್. ಕೇಳಿದ್ದಕ್ಕೆ ಎಂಥ ಉತ್ತರ ಬರುತ್ತದೆ, ಅಂಕಿಯೋ, ಅಕ್ಷರವೋ, ಪಟ್ಟಿಯೋ ಎಂದು ಹೇಳುವುದೇ ರಿಟರ್ನ್ ಟೈಪ್.

ಊರಿನ ಹಾಲಿನ ಡೇರಿಯನ್ನು ನೆನಪಿಸಿಕೊಳ್ಳಿ. ಬೆಳಿಗ್ಗೆ ಹಾಲು ಹಾಕುತ್ತೀರಿ. ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ಚೀಟಿ ಬರುತ್ತದೆ. ಆ ಚೀಟಿಗಳನ್ನು ಕೂಡಿಸಿ ಬಟವಾಡೆಯ ದಿನ ಹಣ ಬರುತ್ತದೆ. ಒಂದು ದಿನ ಕಾರ್ಯದರ್ಶಿ ಊರಲ್ಲಿ ಇಲ್ಲ, ಅವರ ಮಗ ಕೂತಿದ್ದಾನೆ ಅನ್ನಿ. ಅವನೂ ಚೀಟಿಯನ್ನೇ ಕೊಡಬೇಕು. ಚೀಟಿ ಬಿಟ್ಟು ‘ಹಾಲು ಚಲೋ ಐತಿ’ ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಅವನು ಹೇಳಿದ್ದು ಸುಳ್ಳಲ್ಲ. ಆದರೆ ಬಟವಾಡೆಯ ದಿನ ಆ ಮಾತನ್ನು ಕೂಡಿಸಲು ಬರುವುದಿಲ್ಲ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಆ ಹುಡುಗ ಲೀಟರ್, ಫ್ಯಾಟ್ ಜತೆಗೆ ಎಸ್‌ಎನ್‌ಎಫ್ ಕೂಡ ಬರೆದ ಚೀಟಿ ಕೊಟ್ಟ ಎಂದುಕೊಳ್ಳಿ. ಯಾರಿಗೂ ತೊಂದರೆ ಇಲ್ಲ. ಚೀಟಿ ಕೇಳಿದವರಿಗೆ ಚೀಟಿ ಸಿಕ್ಕಿತು, ಅದರಲ್ಲಿ ಹೆಚ್ಚಿನ ಮಾಹಿತಿಯೂ ಇದೆ. ಬಟವಾಡೆ ಲೆಕ್ಕ ಮಾಡುವವರು ತಮಗೆ ಬೇಕಾದ ಎರಡು ಅಂಕಿ ತೆಗೆದುಕೊಳ್ಳುತ್ತಾರೆ.

ಇಷ್ಟು ತಿಳಿದರೆ ನಿಯಮ ತಿಳಿದಂತೆಯೇ. ಮಗ ಅಪ್ಪನಿಗಿಂತ ಖಚಿತವಾದ ಉತ್ತರ ಕೊಡಬಹುದು. ಸಡಿಲವಾದ ಉತ್ತರ ಕೊಡುವಂತಿಲ್ಲ. ಪ್ರೋಗ್ರಾಂ ಬರೆಯುವವರು ಇದಕ್ಕೆ ಕೋವೇರಿಯನ್ಸ್ ಎನ್ನುತ್ತಾರೆ. ತೆಗೆದುಕೊಳ್ಳುವ ವಿಷಯದಲ್ಲಿ ಇದು ತಿರುಗುಮುರುಗು. ಅಪ್ಪ ಆಕಳ ಹಾಲು, ಎಮ್ಮೆ ಹಾಲು ಎರಡನ್ನೂ ಹಾಕಿಸಿಕೊಳ್ಳುತ್ತಿದ್ದರೆ, ಮಗ ‘ಎಮ್ಮೆ ಹಾಲು ಒಲ್ಲೆ’ ಎನ್ನುವಂತಿಲ್ಲ. ತೆಗೆದುಕೊಳ್ಳುವಾಗ ಅಪ್ಪನಷ್ಟಾದರೂ ಉದಾರ, ಕೊಡುವಾಗ ಅಪ್ಪನಷ್ಟಾದರೂ ಖಚಿತ. ಹಾಗಿದ್ದರೆ ಯಾವ ಹೊತ್ತಿನಲ್ಲಿ ಅಪ್ಪನ ಕುರ್ಚಿಯಲ್ಲಿ ಮಗ ಕೂತರೂ ಊರಿನ ಕೆಲಸ ನಿಲ್ಲುವುದಿಲ್ಲ.

ಮಂಗಳವಾರದ ದರ

ಈಗ ನಮ್ಮ ದರದ ಪ್ರೋಗ್ರಾಂಗೆ ಬರೋಣ. ಒಣ ಮೆಣಸಿನಕಾಯಿಗೆ ಮೂರು ಮಾರುಕಟ್ಟೆ ಇಟ್ಟುಕೊಂಡಿದ್ದೆವು: ಬ್ಯಾಡಗಿ, ಹುಬ್ಬಳ್ಳಿ, ಗದಗ. ‘ಮಾರುಕಟ್ಟೆ’ ಎಂಬುದು ಪೇರೆಂಟ್ ಕ್ಲಾಸ್. ಮೂರೂ ಊರುಗಳು ಅದರ ಮಕ್ಕಳು. ‘ಇವತ್ತಿನ ದರ ಎಷ್ಟು’ ಎಂದು ಕೇಳಿದರೆ ಪ್ರತಿಯೊಂದೂ ಕ್ವಿಂಟಲ್‌ಗೆ ಇಷ್ಟು ರೂಪಾಯಿ ಎಂದು ಅಂಕಿ ಕೊಡಬೇಕು. ಪ್ರೋಗ್ರಾಂ ಮೂರನ್ನೂ ಕೂಡಿಸಿ ಸರಾಸರಿ ತೆಗೆದು ಸಂಜೆ ತಾನೇ ಮೆಸೇಜ್ ಕಳಿಸುತ್ತದೆ.

ಇದರ ಬುಡವನ್ನು ಪರಿಚಯದ ಒಬ್ಬರು ಬರೆದುಕೊಟ್ಟಿದ್ದರು. ಬ್ಯಾಡಗಿಯ ಭಾಗವನ್ನು ಎಷ್ಟೋ ತಿಂಗಳಾದ ಮೇಲೆ ಬೇರೊಬ್ಬರು ಸೇರಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಉಳಿದ ದಿನ ದರವೇ ಇರುವುದಿಲ್ಲ. ಬ್ಯಾಡಗಿಯ ಭಾಗ ಬರೆದವರು ಬುದ್ಧಿವಂತರು. ದರ ಇಲ್ಲದ ದಿನ ಸುಳ್ಳು ಅಂಕಿ ಕೊಡಬಾರದು ಎಂದು ‘ನಲ್’ ಎಂಬ ಉತ್ತರ ಬರುವಂತೆ ಮಾಡಿದ್ದರು. ನಲ್ ಎಂದರೆ ‘ಏನೂ ಇಲ್ಲ’. ಅದು ಪ್ರಾಮಾಣಿಕ ಉತ್ತರ. ಸರಾಸರಿಯ ಭಾಗ ಬರೆದವರಿಗೆ ಮಾತ್ರ ಅಂಥ ಉತ್ತರ ಬರಬಹುದು ಎಂಬುದು ಗೊತ್ತಿರಲಿಲ್ಲ. ಪಿಎಚ್‌ಪಿಯಲ್ಲಿ ನಲ್ ಅನ್ನು ಅಂಕಿಯ ಜತೆ ಕೂಡಿಸಿದರೆ ಅದು ತಕರಾರು ಮಾಡುವುದಿಲ್ಲ. ಸುಮ್ಮನೆ ಸೊನ್ನೆ ಎಂದುಕೊಂಡು ಕೂಡಿಸುತ್ತದೆ.

ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇವೆ. ಒಂದು ಮಂಗಳವಾರ ಹುಬ್ಬಳ್ಳಿಯಲ್ಲಿ 15 ಸಾವಿರ, ಗದಗದಲ್ಲಿ 12 ಸಾವಿರ. ಬ್ಯಾಡಗಿಯಲ್ಲಿ ಟೆಂಡರ್ ಇಲ್ಲ. ಎರಡರ ಸರಾಸರಿ 13,500 ಆಗಬೇಕು. ಪ್ರೋಗ್ರಾಂ 27 ಸಾವಿರವನ್ನು ಮೂರರಿಂದ ಭಾಗಿಸಿತು. ಎಲ್ಲರ ಫೋನಿಗೂ 9 ಸಾವಿರ ಎಂದು ಹೋಯಿತು.

ಅದೇ ಸಂಜೆ ಒಬ್ಬ ಅಕ್ಕನ ಫೋನು ಬಂತು. ಮನೆಯ ಮುಂದೆ ವ್ಯಾಪಾರಿ ನಿಂತಿದ್ದ. ಕ್ವಿಂಟಲ್‌ಗೆ 10 ಸಾವಿರ ಕೊಡುತ್ತೇನೆ, ಈಗಲೇ ತೂಕ ಮಾಡು ಎನ್ನುತ್ತಿದ್ದ.

“ತಮ್ಮಾ, ನಿಮ್ಮ ಮೆಸೇಜಿನ್ಯಾಗ ಒಂಬತ್ತು ಸಾವಿರ ಅಂತ ಬಂದೈತಿ. ಈ ಮನಷಾ ಅದನ್ನ ತೋರಿಸಿ, ನೋಡವಾ ಒಂದು ಸಾವಿರ ಹೆಚ್ಚಿಗಿ ಕೊಡಾಕತ್ತೀನಿ ಅಂತಾನ. ಖರೇ ಏನು?”

“ಅಕ್ಕಾ, ಇವತ್ತ ಕೊಡಬ್ಯಾಡ್ರಿ. ಎರಡು ದಿನ ತಡೀರಿ. ಗುರುವಾರ ಬ್ಯಾಡಗಿ ಟೆಂಡರ್ ಆಗಲಿ,” ಎಂದೆವು.

“ಮಳಿ ಬಂದ್ರ ಏನ್ ಮಾಡ್ಲಿ?”

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಅವರು ಆ ದಿನ ಮಾರಲಿಲ್ಲ. ಅವರ ಹತ್ತಿರ ಇದ್ದದ್ದು 20 ಕ್ವಿಂಟಲ್ ಕಾಯಿ. 13,500 ಎಲ್ಲಿ, 10 ಸಾವಿರ ಎಲ್ಲಿ? ಕ್ವಿಂಟಲ್‌ಗೆ ಮೂರೂವರೆ ಸಾವಿರದಂತೆ 70 ಸಾವಿರ ರೂಪಾಯಿಯ ಮಾತು. ಒಂದು ವರ್ಷದ ಬೀಜ, ಗೊಬ್ಬರ, ಆಳಿನ ಕೂಲಿಯ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ. ಫೋನ್ ಮಾಡದೆ ಆ ಮೆಸೇಜನ್ನೇ ನಂಬಿದವರು ಎಷ್ಟು ಮಂದಿ ಎಂಬ ಪ್ರಶ್ನೆ ನಮ್ಮನ್ನು ಬಹಳ ದಿನ ಬಿಡಲಿಲ್ಲ.

ತಪ್ಪು ಎಲ್ಲಿ ಕೂತಿತ್ತು

ರಾತ್ರಿ ಲ್ಯಾಪ್‌ಟಾಪ್ ತೆರೆದು ನೋಡಿದರೆ ಸಾಲು ಸಾಲಾಗಿ ಎಲ್ಲವೂ ಸರಿಯಾಗಿಯೇ ಇತ್ತು. ಸರಾಸರಿ ತೆಗೆಯುವ ಸಾಲು ಸರಿ. ಬ್ಯಾಡಗಿಯಲ್ಲಿ ‘ಇಲ್ಲ’ ಎನ್ನುವ ಸಾಲೂ ಸರಿ. ಸರಿ ಇಲ್ಲದ್ದು ಎರಡರ ನಡುವೆ. ಪೇರೆಂಟ್ ಕ್ಲಾಸಿನಲ್ಲಿ ‘ದರ’ ಎಂಬ ಹೆಸರು ಇತ್ತು, ಅದು ಏನು ಕೊಡುತ್ತದೆ ಎಂದು ಬರೆದಿರಲಿಲ್ಲ. ಮಾತೇ ಕೊಡದಿದ್ದಾಗ ಮುರಿದರು ಎಂದು ಯಾರನ್ನು ಬೈಯುವುದು?

ಪಿಎಚ್‌ಪಿಯಲ್ಲಿ ರಿಟರ್ನ್ ಟೈಪ್ ಬರೆಯುವ ಸೌಲಭ್ಯ ಬಂದದ್ದು 2015ರ ಡಿಸೆಂಬರ್‌ನಲ್ಲಿ ಹೊರಬಿದ್ದ 7.0 ಆವೃತ್ತಿಯಲ್ಲಿ. ಅದಕ್ಕೂ ಮೊದಲು ಬರೆಯಲು ಜಾಗವೇ ಇರಲಿಲ್ಲ. ಜಾಗ ಬಂದ ಮೇಲೂ ಬರೆಯಲೇಬೇಕು ಎಂಬ ಕಡ್ಡಾಯ ಇಲ್ಲ. ಬರೆಯದಿದ್ದರೆ ಮಕ್ಕಳು ಏನು ಬೇಕಾದರೂ ಕೊಡಬಹುದು, ಭಾಷೆ ಬಾಯಿ ಬಿಡುವುದಿಲ್ಲ.

ಬರೆದರೆ ಏನಾಗುತ್ತದೆ ಎಂದು ನೋಡಲು ಪೇರೆಂಟಿನ ಸಾಲಿನ ಕೊನೆಗೆ ಒಂದು ಕೋಲನ್ ಹಾಕಿ ‘ಫ್ಲೋಟ್’ ಎಂದು ಬರೆದೆವು. ಫ್ಲೋಟ್ ಎಂದರೆ ದಶಮಾಂಶ ಬರಬಹುದಾದ ಅಂಕಿ. ಪ್ರೋಗ್ರಾಂ ಆ ಕ್ಷಣವೇ ನಿಂತಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು: ಮಗನ ‘ದರ’, ಅಪ್ಪನ ‘ದರ’ಕ್ಕೆ ಹೊಂದಿಕೆ ಆಗಲೇಬೇಕು. ‘ಮಸ್ಟ್ ಬಿ ಕಂಪ್ಯಾಟಿಬಲ್ ವಿತ್’ ಎಂಬ ಮಾತು ಬಂದರೆ ಅದರ ಅರ್ಥ ಇದೇ. ಅಪ್ಪ ಅಂಕಿ ಎಂದು ಬರೆದ ಮೇಲೆ ಮಗ ಏನೂ ಬರೆಯದೆ ಸುಮ್ಮನಿದ್ದರೂ ಪಿಎಚ್‌ಪಿ ಒಪ್ಪುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಹೊತ್ತು. ಸಂಜೆ ಏಳಕ್ಕೆ ರೈತರ ಫೋನಿನಲ್ಲಿ ಕಾಣಬೇಕಿದ್ದ ತಪ್ಪು, ಮೆಸೇಜ್ ಹೋಗುವ ಮೊದಲೇ, ಪ್ರೋಗ್ರಾಂ ತೆರೆದುಕೊಳ್ಳುವಾಗಲೇ ಕಂಡಿತು. ಮಗನ ಸಾಲಿನಲ್ಲೂ ಫ್ಲೋಟ್ ಎಂದು ಬರೆದು ಒಳಗೆ ನಲ್ ಕೊಟ್ಟರೆ? ಆಗಲೂ ಆ ಸಾಲಿಗೆ ಬಂದ ತಕ್ಷಣ ಟೈಪ್ ಎರರ್ ಬಂದು ನಿಲ್ಲುತ್ತದೆ. ನಿಂತ ಪ್ರೋಗ್ರಾಂನಿಂದ ಮೆಸೇಜ್ ಹೋಗುವುದಿಲ್ಲ. ತಪ್ಪು ಮೆಸೇಜ್ ಹೋಗುವುದಕ್ಕಿಂತ ಮೆಸೇಜೇ ಹೋಗದಿರುವುದು ಎಷ್ಟೋ ಮೇಲು.

ಅಪ್ಪನ ಮಾತನ್ನೇ ತಿದ್ದಿದೆವು

ಮುಂದಿನ ಪ್ರಶ್ನೆ: ಯಾರನ್ನು ಸರಿಪಡಿಸಬೇಕು? ಮಗನ ಬಾಯಿ ಮುಚ್ಚಿಸಿ, ದರ ಇಲ್ಲದ ದಿನ ಸೊನ್ನೆ ಕೊಡು ಎನ್ನಬಹುದಿತ್ತು. ಪಿಎಚ್‌ಪಿ ಒಪ್ಪುತ್ತದೆ, ಸೊನ್ನೆಯೂ ಅಂಕಿಯೇ. ಆದರೆ ಅದು ಸುಳ್ಳು. ‘ಇಲ್ಲ’ ಬೇರೆ, ‘ಸೊನ್ನೆ’ ಬೇರೆ. ಇದನ್ನು ನಮಗೆ ಕಲಿಸಿದ್ದು ವರದಿಗಾರಿಕೆ. ಮಳೆ ಮಾಪಕದ ಪಟ್ಟಿಯಲ್ಲಿ ಒಂದು ಹೋಬಳಿಯ ಮುಂದೆ ಸೊನ್ನೆ ಇದ್ದರೆ ಮಳೆ ಆಗಿಲ್ಲ ಎಂದು ಅರ್ಥ. ಖಾಲಿ ಇದ್ದರೆ ಯಾರೂ ಅಳೆದಿಲ್ಲ, ಅಥವಾ ಅಳೆದದ್ದು ಬಂದು ತಲುಪಿಲ್ಲ ಎಂದು ಅರ್ಥ. ಖಾಲಿ ಜಾಗವನ್ನು ಸೊನ್ನೆ ಎಂದು ಓದಿ ‘ಬರದ ಛಾಯೆ’ ಎಂದು ಬರೆದರೆ ಸುದ್ದಿಯೇ ತಪ್ಪು.

ಹಾಗಾಗಿ ಅಪ್ಪನ ಮಾತನ್ನೇ ತಿದ್ದಿದೆವು. ಫ್ಲೋಟ್ ಎಂಬುದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದರೆ ‘ಅಂಕಿ, ಇಲ್ಲವೇ ನಲ್’ ಎಂದಾಗುತ್ತದೆ. 2016ರ ಕೊನೆಗೆ ಬಂದ 7.1 ಆವೃತ್ತಿಯಿಂದ ಈ ಸೌಲಭ್ಯ ಇದೆ. ಈಗ ಅಪ್ಪನ ಮಾತು: ‘ದರ ಇದ್ದರೆ ಅಂಕಿ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತೇನೆ.’ ಬ್ಯಾಡಗಿಯ ಮಗ ಇದಕ್ಕೆ ಸರಿಹೊಂದಿದ. ಯಾವುದಾದರೂ ಮಾರುಕಟ್ಟೆ ಕೇಳಿದಾಗಲೆಲ್ಲ ಅಂಕಿಯನ್ನೇ ಕೊಡುತ್ತದೆ ಎಂದಿದ್ದರೆ ಅದರ ಸಾಲಿನಲ್ಲಿ ಪ್ರಶ್ನೆ ಚಿಹ್ನೆ ಬೇಕಿಲ್ಲ. ಅಪ್ಪನಿಗಿಂತ ಖಚಿತವಾಗಿ ಮಾತು ಕೊಡಲು ಮಗನಿಗೆ ಅವಕಾಶ ಇದೆ ಎಂದೆವಲ್ಲ, ಅದು ಇದೇ. ಹಿಂದೆ ಪಿಎಚ್‌ಪಿ ಬಹುಮಟ್ಟಿಗೆ ಅಪ್ಪ, ಮಗ ಇಬ್ಬರೂ ಒಂದೇ ಟೈಪ್ ಬರೆಯಬೇಕು ಎನ್ನುತ್ತಿತ್ತು. 2019ರ ನವೆಂಬರ್‌ನಲ್ಲಿ ಬಂದ 7.4ರಿಂದ ಈ ಸಲಿಗೆ ಪೂರ್ತಿಯಾಗಿ ಸಿಕ್ಕಿತು. ಜಾವಾ ಭಾಷೆಯಲ್ಲಿ 2004ರಿಂದ ಇದೆ. ಸಿ ಶಾರ್ಪ್‌ಗೆ ಬಂದದ್ದು 2020ರಲ್ಲಿ.

ಅಪ್ಪನ ಮಾತು ತಿದ್ದಿದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಆ ಮಾತು ನಂಬಿ ಯಾರ್‍ಯಾರು ಕೂತಿದ್ದಾರೆ ಎಂದು ಹುಡುಕಬೇಕು. ನಮ್ಮ ಪ್ರೋಗ್ರಾಂನಲ್ಲಿ ಮೂರು ಕಡೆ ಸಿಕ್ಕಿತು. ಒಂದು, ಸರಾಸರಿ. ಎರಡು, ನಿನ್ನೆಗೂ ಇವತ್ತಿಗೂ ಎಷ್ಟು ವ್ಯತ್ಯಾಸ ಎಂದು ಬಾಣ ತೋರಿಸುವ ಜಾಗ. ಅಲ್ಲಿ ಪ್ರತಿ ಮಂಗಳವಾರ ಬ್ಯಾಡಗಿಯ ದರ ಪೂರ್ತಿ ಕುಸಿದಂತೆ ಕೆಂಪು ಬಾಣ ಬರುತ್ತಿತ್ತು. ಮೂರು, ವಾರದ ಗೆರೆ ಚಿತ್ರ. ಮೂರೂ ಕಡೆ ‘ಉತ್ತರ ನಲ್ ಆಗಿದೆಯೇ’ ಎಂದು ಮೊದಲು ನೋಡುವ ಸಾಲು ಸೇರಿತು. ಈಗ ಮೆಸೇಜಿನಲ್ಲಿ ‘ಬ್ಯಾಡಗಿ: ಇಂದು ಟೆಂಡರ್ ಇಲ್ಲ’ ಎಂದು ಬರುತ್ತದೆ. ಸರಾಸರಿಯ ಪಕ್ಕದಲ್ಲಿ ‘2 ಮಾರುಕಟ್ಟೆಗಳದ್ದು’ ಎಂದು ಇರುತ್ತದೆ.

ಬಾಯಿ ಮುಚ್ಚಿಸುವ ಚೀಟಿ

ಇನ್ನೊಂದು ಅನುಭವ ಹೇಳುತ್ತೇವೆ. ಸರ್ವರಿನವರು ಪಿಎಚ್‌ಪಿಯನ್ನು 8.1 ಆವೃತ್ತಿಗೆ ಏರಿಸಿದ ದಿನ ನಮ್ಮ ದರದ ಪುಟದ ತಲೆಯ ಮೇಲೆ ಇಂಗ್ಲಿಷ್ ಸಾಲುಗಳು ತುಂಬಿಕೊಂಡವು. ‘ಸರ, ನಿಮ್ಮ ಸೈಟಿಗೆ ವೈರಸ್ ಬಡಿದೈತಿ’ ಎಂದು ನಾಲ್ಕು ಜನ ಫೋನ್ ಮಾಡಿದರು. ಅದು ವೈರಸ್ ಅಲ್ಲ. 2021ರ ನವೆಂಬರ್‌ನಲ್ಲಿ ಬಂದ ಈ ಆವೃತ್ತಿಯಲ್ಲಿ ಪಿಎಚ್‌ಪಿ ತನ್ನ ಒಳಗಿನ ಅಚ್ಚುಗಳಿಗೂ ರಿಟರ್ನ್ ಟೈಪ್ ಬರೆಯಿತು. ಎಣಿಸುವ ‘ಕೌಂಟಬಲ್’, ಪಟ್ಟಿಯನ್ನು ಒಂದೊಂದಾಗಿ ಕೊಡುವ ‘ಇಟರೇಟರ್ ಅಗ್ರಿಗೇಟ್’, ಇಂಥವು. ಅವುಗಳನ್ನು ಆಧರಿಸಿ ನಾವು ಬರೆದ ಕ್ಲಾಸುಗಳಲ್ಲೂ ಅದೇ ಟೈಪ್ ಇರಬೇಕು, ಇಲ್ಲದಿದ್ದರೆ ಎಚ್ಚರಿಕೆ ಕೊಡುತ್ತದೆ. ಎಷ್ಟೋ ವರ್ಷ ಬಾಯಿ ಮಾತಲ್ಲಿ ನಡೆದ ವ್ಯವಹಾರವನ್ನು ಅಪ್ಪ ಈಗ ಕಾಗದಕ್ಕೆ ಇಳಿಸಿದ, ಮಕ್ಕಳೂ ಸಹಿ ಹಾಕಿ ಎಂದ.

ಆ ಎಚ್ಚರಿಕೆಯಲ್ಲೇ ಒಂದು ಅಡ್ಡದಾರಿಯನ್ನೂ ಹೇಳಿರುತ್ತದೆ. ‘ರಿಟರ್ನ್ ಟೈಪ್ ವಿಲ್ ಚೇಂಜ್’ ಎಂಬ ಗುರುತನ್ನು ಮೇಲೆ ಅಂಟಿಸಿದರೆ ತಾತ್ಕಾಲಿಕವಾಗಿ ಸದ್ದು ನಿಲ್ಲುತ್ತದೆ. ಒಂದೇ ಪ್ರೋಗ್ರಾಂ ಹಳೆಯ ಆವೃತ್ತಿಯಲ್ಲೂ ಹೊಸದರಲ್ಲೂ ಓಡಬೇಕಾದವರಿಗೆ ಅದು ಉಪಯೋಗದ ದಾರಿ. ಹಳೇ ಪಿಎಚ್‌ಪಿಗೆ ಆ ಗುರುತು ಬರೀ ಟಿಪ್ಪಣಿಯಂತೆ ಕಾಣುತ್ತದೆ, ತೊಂದರೆ ಮಾಡುವುದಿಲ್ಲ. ಆದರೆ ಅದರ ಹೆಸರೇ ಹೇಳುವಂತೆ ಅದು ‘ಮುಂದೆ ಬದಲಾಯಿಸುತ್ತೇನೆ’ ಎಂಬ ವಾಯಿದೆ, ತೀರಿಸಬೇಕಾದ ಸಾಲ. ನಮಗೆ ಒಬ್ಬರು ‘ಎಲ್ಲಾ ಕಡೆ ಅದನ್ನ ಅಂಟಿಸಿ ಮುಗಿಸಿಬಿಡ್ರಿ’ ಎಂದರು. ನಾವು ಅಂಟಿಸಲಿಲ್ಲ. ನಮ್ಮದು ಒಂದೇ ಸರ್ವರು, ಒಂದೇ ಆವೃತ್ತಿ. ಎಣಿಕೆ ಕೊಡುವ ಸಾಲಿನಲ್ಲಿ ಪೂರ್ಣಾಂಕ ಎಂದು, ಪಟ್ಟಿ ಕೊಡುವ ಸಾಲಿನಲ್ಲಿ ಟ್ರಾವರ್ಸಬಲ್ ಎಂದು ಬರೆದೆವು. ಒಂದು ಸಂಜೆಯ ಕೆಲಸ.

ಟೈಪ್ ಒಂದೇ, ಅರ್ಥ ಬೇರೆ

ಟೈಪ್ ಹೊಂದಿದರೆ ಎಲ್ಲವೂ ಸರಿಯಾಯಿತೇ? ಇಲ್ಲ. ಇದು ನಮಗೆ ಪ್ರೋಗ್ರಾಂಗಿಂತ ಸುದ್ದಿಯಲ್ಲೇ ಹೆಚ್ಚು ಕಂಡಿದೆ.

ಎಪಿಎಂಸಿ ದರದ ಪಟ್ಟಿಯಲ್ಲಿ ಮೂರು ಅಂಕಿ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ಎಂದರೆ ಆ ದಿನ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು. ಒಂದು ಮಾರುಕಟ್ಟೆಯ ಕ್ಲಾಸು ಮಾದರಿ ದರ ಕೊಡುತ್ತದೆ, ಇನ್ನೊಂದು ಗರಿಷ್ಠ ದರ ಕೊಡುತ್ತದೆ ಎಂದುಕೊಳ್ಳಿ. ಎರಡೂ ಫ್ಲೋಟ್. ಪಿಎಚ್‌ಪಿ ಚಕಾರ ಎತ್ತುವುದಿಲ್ಲ. ಒಂದು ಕ್ವಿಂಟಲ್ ಲೆಕ್ಕ, ಇನ್ನೊಂದು ಕಿಲೋ ಲೆಕ್ಕ ಆದರೂ ಅಷ್ಟೇ. ಅಂಕಿ ಅಂಕಿಯೇ. ಆದರೆ ಓದುವವರಿಗೆ ಕೊಟ್ಟ ಮಾತು ಮುರಿದಿದೆ.

ನಮ್ಮ ಪತ್ರಿಕೆಗಳಲ್ಲಿ ‘ಬ್ಯಾಡಗಿ ಡಬ್ಬಿ ಮೆಣಸಿನಕಾಯಿಗೆ ಬಂಪರ್ ಬೆಲೆ’ ಎಂಬ ತಲೆಬರಹ ನೀವು ನೋಡಿರುತ್ತೀರಿ. ಅದು ಎಷ್ಟೋ ಸಲ ಅತ್ಯುತ್ತಮ ಬಣ್ಣದ, ಚೆನ್ನಾಗಿ ಒಣಗಿದ, ಕೆಲವೇ ಚೀಲಗಳಿಗೆ ಸಿಕ್ಕ ದರ. ಡಬ್ಬಿ ಬೇರೆ, ಕಡ್ಡಿ ಬೇರೆ, ಗುಂಟೂರು ತಳಿ ಬೇರೆ. ತಲೆಬರಹ ಓದಿ ಗಾಡಿ ತುಂಬಿಸಿಕೊಂಡು ಬಂದ ರೈತನಿಗೆ ಅಂಗಳದಲ್ಲಿ ಸಿಗುವ ದರ ಅದಲ್ಲ. ಅಂಕಿ ಸುಳ್ಳಲ್ಲ, ಆದರೆ ಓದಿದವನು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ಬ್ಯಾಡಗಿಯಲ್ಲಿ ದರ ಎಂಬುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಹೆಚ್ಚು ದೂರ ಹೋಗಬೇಕಿಲ್ಲ. 2024ರ ಮಾರ್ಚ್ 11, ಸೋಮವಾರ, ದರ ಕುಸಿದದ್ದಕ್ಕೆ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅಲ್ಲಿನ ಸಿಟ್ಟಿಗೆ ಕಾರಣ ಮಾರುಕಟ್ಟೆಯ ದರ, ಯಾರ ಪ್ರೋಗ್ರಾಂ ಕೂಡ ಅಲ್ಲ. ಅಂಥ ಊರಿನ ದರವನ್ನು ಜನರ ಫೋನಿಗೆ ಕಳಿಸುವವರು ಎಷ್ಟು ಎಚ್ಚರದಲ್ಲಿ ಇರಬೇಕು ಎಂಬುದನ್ನು ಮಾತ್ರ ಆ ದಿನ ನಮಗೆ ತೋರಿಸಿತು.

ಈ ‘ಅರ್ಥವೂ ಹೊಂದಬೇಕು’ ಎಂಬ ಮಾತನ್ನು ಜಗತ್ತಿಗೆ ಸ್ಪಷ್ಟವಾಗಿ ಹೇಳಿದವರು ಬಾರ್ಬರಾ ಲಿಸ್ಕೋವ್ ಎಂಬ ಹೆಣ್ಣುಮಗಳು, ಅಮೆರಿಕದ ಎಂಐಟಿ ಸಂಸ್ಥೆಯ ಪ್ರಾಧ್ಯಾಪಕಿ. 1987ರ ಒಂದು ಭಾಷಣದಲ್ಲಿ ಅವರು ಈ ವಿಚಾರ ಎತ್ತಿದರು. 1994ರಲ್ಲಿ ಜೆನೆಟ್ ವಿಂಗ್ ಎಂಬವರ ಜತೆ ಸೇರಿ ಪ್ರಬಂಧವಾಗಿ ಬರೆದರು. ಅವರು ಹೇಳಿದ್ದರ ಸಾರ: ಅಪ್ಪನ ಜಾಗದಲ್ಲಿ ಮಗನನ್ನು ಕೂರಿಸಿದರೆ, ಅಪ್ಪನನ್ನು ನಂಬಿ ಬರೆದ ಪ್ರೋಗ್ರಾಂಗೆ ಕೂತವರು ಬದಲಾದದ್ದು ತಿಳಿಯಲೇಬಾರದು, ಅದು ಮೊದಲಿನಂತೆಯೇ ಸರಿಯಾಗಿ ನಡೆಯಬೇಕು. ಉತ್ತರದ ಜಾತಿ ಒಂದೇ ಆಗಿದ್ದರೆ ಸಾಲದು, ನಡವಳಿಕೆಯೂ ಒಂದೇ ಆಗಿರಬೇಕು. ಇವರಿಗೆ 2008ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ಕಂಪ್ಯೂಟರ್ ಲೋಕದಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ ಎನ್ನುತ್ತಾರೆ.

ಟೈಪನ್ನು ಭಾಷೆ ನೋಡಿಕೊಳ್ಳುತ್ತದೆ, ಅರ್ಥವನ್ನು ಮನುಷ್ಯರೇ ನೋಡಿಕೊಳ್ಳಬೇಕು. ಅದಕ್ಕೆ ನಾವು ಮಾಡಿದ್ದು ಹೀಗೆ. ಬರೀ ಅಂಕಿ ಕೊಡುವುದನ್ನು ಬಿಟ್ಟು ‘ದರ ಚೀಟಿ’ ಎಂಬ ಪ್ರತ್ಯೇಕ ಕ್ಲಾಸ್ ಮಾಡಿದೆವು. ಅದರಲ್ಲಿ ಕನಿಷ್ಠ, ಗರಿಷ್ಠ, ಮಾದರಿ, ತಳಿ, ದಿನಾಂಕ ಎಲ್ಲವೂ ಇವೆ, ಎಲ್ಲವೂ ಕ್ವಿಂಟಲ್ ಲೆಕ್ಕ. ಈಗ ಪ್ರತಿ ಮಾರುಕಟ್ಟೆಯೂ ಚೀಟಿಯನ್ನೇ ಕೊಡಬೇಕು, ದರ ಇಲ್ಲದ ದಿನ ನಲ್ ಕೊಡಬೇಕು. ಬ್ಯಾಡಗಿ ಮಾತ್ರ ಆವಕದ ಚೀಲಗಳ ಲೆಕ್ಕವೂ ಇರುವ ಚೀಟಿ ಕೊಡುತ್ತದೆ. ಅದು ‘ದರ ಚೀಟಿ’ಯ ಮಗ. ಕೇಳುವವರಿಗೆ ತೊಂದರೆ ಇಲ್ಲ, ಚೀಟಿ ಕೇಳಿದರು, ಚೀಟಿ ಸಿಕ್ಕಿತು.

ಕಲಿಯುತ್ತಿರುವವರಿಗೆ, ಓದುತ್ತಿರುವವರಿಗೆ

ನಮ್ಮ ಹಳ್ಳಿಗಳಲ್ಲಿ ಫೋನ್ ನೋಡಿಕೊಂಡೇ ಪ್ರೋಗ್ರಾಂ ಕಲಿಯುತ್ತಿರುವ ಹುಡುಗ ಹುಡುಗಿಯರು ಈಗ ಅಲ್ಲಲ್ಲಿ ಸಿಗುತ್ತಾರೆ. ಅವರಿಗೆ ನಾಲ್ಕು ಮಾತು.

ಪೇರೆಂಟ್ ಕ್ಲಾಸ್ ಬರೆಯುವಾಗಲೇ ಪ್ರತಿ ಮೆಥಡ್‌ನ ಮುಂದೆ ಅದು ಏನು ಕೊಡುತ್ತದೆ ಎಂದು ಬರೆಯಿರಿ. ಉತ್ತರ ಇಲ್ಲದ ದಿನ ಬರಬಹುದೇ ಎಂದು ಅವತ್ತೇ ಯೋಚಿಸಿ. ಬರಬಹುದಾದರೆ ಪ್ರಶ್ನೆ ಚಿಹ್ನೆ ಹಾಕಿ, ಬರುವಂತಿಲ್ಲವಾದರೆ ಹಾಕಬೇಡಿ.

‘ಹೊಂದಿಕೆ ಆಗುತ್ತಿಲ್ಲ’ ಎಂಬ ಎರರ್ ಬಂದರೆ ತಕ್ಷಣ ಮಗನ ಸಾಲನ್ನು ತಿದ್ದಿ ಸುಮ್ಮನಾಗಿಸಬೇಡಿ. ಮಗ ಹೇಳುತ್ತಿರುವುದೇ ನಿಜ ಇರಬಹುದು, ಅಪ್ಪನ ಮಾತೇ ಹಳತಾಗಿರಬಹುದು. ಎರಡನ್ನೂ ಮುಂದಿಟ್ಟು ಓದಿ.

ಅಪ್ಪನ ಮಾತು ಸಡಿಲ ಮಾಡಿದರೆ, ಅದನ್ನು ನಂಬಿದ ಎಲ್ಲ ಸಾಲುಗಳನ್ನೂ ಹುಡುಕಿ ತೆಗೆಯಿರಿ.

ಪೈಥಾನ್ ಕಲಿಯುತ್ತಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಅಲ್ಲಿ ಟೈಪ್ ಬರೆದರೂ ಪ್ರೋಗ್ರಾಂ ಓಡುವಾಗ ಭಾಷೆ ಅದನ್ನು ತಾನಾಗಿ ಪರೀಕ್ಷಿಸುವುದಿಲ್ಲ. ‘ಮೈಪೈ’ಯಂಥ ಸಲಕರಣೆಯನ್ನು ಬೇರೆಯಾಗಿ ಓಡಿಸಿದರೆ ಅಪ್ಪ ಮಗನ ಹೊಂದಾಣಿಕೆಯನ್ನು ಅದು ನೋಡಿ ಹೇಳುತ್ತದೆ.

ಇನ್ನು, ದರದ ಮೆಸೇಜ್ ಓದುವ ನಿಮಗೂ ಮೂರು ಪ್ರಶ್ನೆ. ಇದು ಯಾವ ದಿನದ ದರ? ಗರಿಷ್ಠವೋ ಮಾದರಿಯೋ? ಎಷ್ಟು ಮಾರುಕಟ್ಟೆಯ ಸರಾಸರಿ? ಈ ಮೂರಕ್ಕೆ ಉತ್ತರ ಇಲ್ಲದ ಮೆಸೇಜನ್ನು ಯಾರೇ ತೋರಿಸಲಿ, ನಾವೇ ಕಳಿಸಿದ್ದಿರಲಿ, ಅದನ್ನು ನಂಬಿ ತಕ್ಕಡಿಗೆ ಚೀಲ ಏರಿಸಬೇಡಿ. ಒಂದು ಫೋನ್ ಮಾಡಿ ಕೇಳಿ. ‘ಇವತ್ತು ದರ ಇಲ್ಲ’ ಎಂಬ ಉತ್ತರ ಬಂದರೆ ಬೇಸರ ಬೇಡ. ಅದೂ ಒಂದು ಸರಿಯಾದ ಉತ್ತರವೇ.

ನಿಮ್ಮೂರಿನಲ್ಲಿ ಯಾರಾದರೂ ಪ್ರೋಗ್ರಾಂ ಕಲಿಯುತ್ತಿದ್ದರೆ ಇದನ್ನು ಅವರಿಗೆ ಕಳಿಸಿ. ಡೇರಿ, ಸೊಸೈಟಿ, ಪಂಚಾಯಿತಿ ನೀರಿನ ಬಿಲ್ಲು, ಇವುಗಳ ಲೆಕ್ಕವನ್ನು ನಾಳೆ ಅವರೇ ಬರೆಯಬಹುದು.